ಇಂಗ್ಲಿಷಿನ ಸಾಮಾನ್ಯ ಭೂತಕಾಲ: ನರೇಗಲ್ ಸೀಮೆಯ ಕನ್ನಡದಿಂದ ಕಲಿಯುವ ಬಗೆ

ಆಗಿ ಮುಗಿದ ಕೆಲಸವನ್ನು ಅದು ನಡೆದ ಹೊತ್ತಿನ ಸಮೇತ ಹೇಳಲು ಇಂಗ್ಲಿಷ್ ಬಳಸುವ ಕ್ರಿಯಾರೂಪವೇ ಸಾಮಾನ್ಯ ಭೂತಕಾಲ. ಶಾಲೆಯ ಮಕ್ಕಳು ಅದನ್ನು ‘ಸಿಂಪಲ್ ಪಾಸ್ಟ್’ ಎಂದೇ ಕರೆಯುತ್ತಾರೆ. ‘ವೆಂಟ್’, ‘ಕೇಮ್’, ‘ಪ್ಲೇಡ್’, ‘ವಾಂಟೆಡ್’ ಮುಂತಾದವು ಇದರ ರೂಪಗಳು. ಕಥೆ, ಚರಿತ್ರೆ, ಪತ್ರಿಕೆಯ ವರದಿ, ರಜೆ ಕಳೆದ ಬಗ್ಗೆ ಬರೆಸುವ ಪ್ರಬಂಧ, ಹಿಂದಿನ ನೌಕರಿಯ ಕುರಿತು ಸಂದರ್ಶನದಲ್ಲಿ ಕೊಡುವ ಉತ್ತರ, ಇವೆಲ್ಲ ನಿಂತಿರುವುದು ಇದರ ಮೇಲೆಯೇ. ಇಂಗ್ಲಿಷ್ ಕಲಿಯುವ ಕನ್ನಡಿಗರಿಗೆ ಬಹಳ ಬೇಗ ಎದುರಾಗುವ ಕಾಲರೂಪ ಇದು. ಬಹಳ ವರ್ಷ ಕಾಡುವುದೂ ಇದೇ.

ಕಾಡಬೇಕಾದ ಕಾರಣ ಮೇಲ್ನೋಟಕ್ಕೆ ಇಲ್ಲ. ನಿನ್ನೆ ಎಂದರೇನು, ಇಂದು ಎಂದರೇನು ಎಂಬುದು ಕನ್ನಡದ ಮಗುವಿಗೆ ಗೊತ್ತಿಲ್ಲದ ಸಂಗತಿಯಲ್ಲ. ಮೂರು ವರ್ಷ ತುಂಬುವಷ್ಟರಲ್ಲಿ ಅದು ‘ಬಿದ್ದೆ’, ‘ಕೊಟ್ಟ’, ‘ಹ್ವಾತು’ ಎನ್ನಲು ಕಲಿತಿರುತ್ತದೆ. ತೊಡಕು ಕಾಲದ ತಿಳಿವಳಿಕೆಯಲ್ಲಿಲ್ಲ. ಭೂತಕಾಲದ ಗುರುತನ್ನು ವಾಕ್ಯದ ಯಾವ ಜಾಗದಲ್ಲಿ ಇಡಬೇಕು ಎಂಬಲ್ಲಿ ಎರಡು ಭಾಷೆಗಳು ಬೇರೆ ದಾರಿ ಹಿಡಿಯುತ್ತವೆ. ಎಲ್ಲಿ ಜೊತೆಯಾಗಿ ನಡೆಯುತ್ತವೆ, ಎಲ್ಲಿ ಅಗಲುತ್ತವೆ ಎಂಬುದನ್ನು ಮಗುವಿನ ಮನೆಮಾತಿನಿಂದಲೇ ತೋರಿಸಿಕೊಟ್ಟರೆ ಕಲಿಕೆ ಹಗುರಾಗುತ್ತದೆ. ಇದಕ್ಕೆ ಧಾರವಾಡ–ಗದಗ ಕಡೆಯ ಮಾತು ಬಹಳ ಒಳ್ಳೆಯ ಉದಾಹರಣೆ. ಅದರಲ್ಲಿ ‘ಬಂದ’, ‘ಬಂದಾನ’, ‘ಬಂದಿದ್ದ’ ಎಂಬ ಮೂರು ರೂಪಗಳು ದಿನದ ಮಾತಿನಲ್ಲೇ ಸ್ಪಷ್ಟವಾಗಿ ಬೇರೆ ಬೇರೆಯಾಗಿ ನಿಂತಿವೆ.

ಇಲ್ಲಿ ನರೇಗಲ್ ಎಂದರೆ ಗದಗ ಜಿಲ್ಲೆಯ ನರೇಗಲ್. ಹಾವೇರಿ ಜಿಲ್ಲೆಯ ಹಾನಗಲ್ ತಾಲೂಕಿನಲ್ಲಿ ಇದೇ ಹೆಸರಿನ ಇನ್ನೊಂದು ಊರಿದೆ, ಅದಲ್ಲ. ಮೊದಲು ರೋಣ ತಾಲೂಕಿನಲ್ಲಿದ್ದ ಈ ಊರು ಈಗ ಗಜೇಂದ್ರಗಡ ತಾಲೂಕಿನದು. 1818ರಲ್ಲಿ ಪೇಶ್ವೆಯವರ ಆಳಿಕೆ ಮುಗಿದ ಮೇಲೆ ಧಾರವಾಡ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರಲ್ಲಿ ಏಕೀಕರಣವಾಯಿತು, 1997ರಲ್ಲಿ ಗದಗ ಬೇರೆ ಜಿಲ್ಲೆಯಾಯಿತು. ಎರೆ ಭೂಮಿಯ ಸೀಮೆ ಇದು. ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ. ಹೆಸರುಕಾಯಿ ಬಿಡಿಸುವ ದಿನಗಳಲ್ಲಿ ಶಾಲೆಯ ಬೆಂಚುಗಳು ಅರ್ಧ ಖಾಲಿಯಾಗುವುದು ಈ ಕಡೆಯ ಮಾಸ್ತರರಿಗೆ, ಅಕ್ಕೋರಿಗೆ ಹೊಸದಲ್ಲ.

ರಾಜ್ಯದ ಸರಕಾರಿ ಕನ್ನಡ ಶಾಲೆಗಳಲ್ಲಿ ಬಹುಕಾಲ ಇಂಗ್ಲಿಷ್ ಶುರುವಾಗುತ್ತಿದ್ದುದು ಐದನೆಯ ಇಯತ್ತೆಯಿಂದ. 2007-08ರಿಂದ ಒಂದನೆಯ ತರಗತಿಯಿಂದಲೇ ಅದು ಒಂದು ವಿಷಯವಾಗಿ ಬಂತು. 2019-20ರಲ್ಲಿ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದವು. ಕಲಿಕೆ ಆರಂಭವಾಗುವ ವಯಸ್ಸು ಹೀಗೆ ಇಳಿಯುತ್ತ ಬಂದಿದೆ. ಆದರೆ ಭೂತಕಾಲ ಕಲಿಸುವ ಮುಖ್ಯ ಸಾಧನ ಬದಲಾಗಿಲ್ಲ: ಮೂರು ಕಾಲಂನ ಒಂದು ಪಟ್ಟಿ. ‘ವಿ ಒನ್, ವಿ ಟೂ, ವಿ ತ್ರೀ’ ಎಂದು ಮೇಲೆ ಬರೆದು ಕೆಳಗೆ ‘ಗೋ ವೆಂಟ್ ಗಾನ್, ಕಮ್ ಕೇಮ್ ಕಮ್, ಟೇಕ್ ಟುಕ್ ಟೇಕನ್’ ಎಂದು ಮಗ್ಗಿಯ ಧಾಟಿಯಲ್ಲಿ ಇಡೀ ವರ್ಗ ಹೇಳುವುದು. ಬಾಯಿಪಾಠ ಕೆಟ್ಟದ್ದಲ್ಲ. ರೂಪಗಳು ನಾಲಿಗೆಯ ಮೇಲೆ ಕೂರಲು ಅದು ಬೇಕೇ ಬೇಕು. ಆದರೆ ಪಟ್ಟಿಯನ್ನು ತಪ್ಪಿಲ್ಲದೆ ಒಪ್ಪಿಸಿದ ಹುಡುಗಿಯೇ ಮರುಗಳಿಗೆ ‘ಐ ಡಿಡ್ ನಾಟ್ ವೆಂಟ್’ ಎಂದು ಬರೆಯುತ್ತಾಳೆ. ಪದ ಗೊತ್ತು, ಅದು ಕೂರುವ ಜಾಗ ಗೊತ್ತಿಲ್ಲ.

ಕನ್ನಡದ ಭೂತಕಾಲವನ್ನು ಶಾಸ್ತ್ರವಾಗಿ ವಿವರಿಸಿದ ಪರಂಪರೆ ಬಹಳ ಹಳೆಯದು. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಭೂತಕ್ಕೆ ದಕಾರ, ವರ್ತಮಾನಕ್ಕೆ ದಪ, ಭವಿಷ್ಯತ್ತಿಗೆ ವಕಾರ ಎಂದು ಕಾಲಪ್ರತ್ಯಯಗಳನ್ನು ಹೇಳಿದ್ದಾನೆ. ಆ ದಕಾರ ಇವತ್ತಿಗೂ ಜೀವಂತ: ಮಾಡಿದ, ಹೋದ, ತಿಂದ, ಬಂದ. ಆದರೆ ಎಲ್ಲ ಧಾತುಗಳೂ ಅಷ್ಟು ಸರಳವಾಗಿ ನಡೆಯುವುದಿಲ್ಲ. ಕೊಡು–ಕೊಟ್ಟ, ನಗು–ನಕ್ಕ, ಅಳು–ಅತ್ತ, ಬೀಳು–ಬಿದ್ದ, ನಿಲ್ಲು–ನಿಂತ, ಸೋಲು–ಸೋತ, ಗೆಲ್ಲು–ಗೆದ್ದ, ಕೊಲ್ಲು–ಕೊಂದ, ಕೀಳು–ಕಿತ್ತ, ಕಾಣು–ಕಂಡ. ‘ಗೆಲ್ಲು’ ಗೆದ್ದ ಆದರೆ ‘ನಿಲ್ಲು’ ನಿದ್ದ ಏಕೆ ಆಗಲಿಲ್ಲ ಎಂದು ಯಾವ ಮಗುವೂ ಕೇಳುವುದಿಲ್ಲ. ಕೇಳಿ ಕೇಳಿ ಕಲಿತುಬಿಡುತ್ತದೆ. ಇಂಥ ರೂಪಗಳನ್ನು ತಾನಾಗಿ ನುಂಗಿ ಜೀರ್ಣಿಸಿಕೊಂಡ ಮಗುವಿಗೆ ‘ಗಿವ್–ಗೇವ್’, ‘ಸ್ಟ್ಯಾಂಡ್–ಸ್ಟುಡ್’ ಆಕಾಶದಿಂದ ಬಿದ್ದ ವಿಚಿತ್ರಗಳೆಂದು ಹೆದರಿಸುವುದು ಅನ್ಯಾಯ.

ಒಮ್ಮೆ ಯುರೋಪಿನವರೂ ಇದೇ ದಾರಿಯಲ್ಲಿ ಎದುರು ದಿಕ್ಕಿನಿಂದ ಬಂದಿದ್ದರು. 1817ರಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ ಸೆರಾಂಪುರದಲ್ಲಿ ಅಚ್ಚಾಯಿತು, 1859ರಲ್ಲಿ ಥಾಮಸ್ ಹಾಡ್ಸನ್ನರದು ಬೆಂಗಳೂರಿನಲ್ಲಿ, 1903ರಲ್ಲಿ ಫರ್ಡಿನಾಂಡ್ ಕಿಟೆಲ್ಲರದು ಮಂಗಳೂರಿನಲ್ಲಿ. ಕನ್ನಡ ಕಲಿಯಬೇಕಾದ ಪಾದ್ರಿ, ಕಲೆಕ್ಟರುಗಳಿಗಾಗಿ ಬರೆದ ಪುಸ್ತಕಗಳಿವು. ನರೇಗಲ್ಲಿನ ಸಿಂದ ಅರಸರ ಕಾಲದ ಶಾಸನಗಳನ್ನು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಓದಿ ಇಂಗ್ಲಿಷಿಗೆ ತಂದ ಜೆ. ಎಫ್. ಫ್ಲೀಟ್ ಕೂಡ ಮುಂಬಯಿ ಸರಕಾರದ ನೌಕರಿಯಲ್ಲಿದ್ದವರು. ದತ್ತಿ ಶಾಸನವೆಂದರೆ ಮೂಲತಃ ಭೂತಕಾಲದ ದಾಖಲೆ: ಇಂಥವರು ಇಂಥ ದೇವರಿಗೆ ಇಷ್ಟು ಮತ್ತರು ಭೂಮಿ ಬಿಟ್ಟರು, ಕೊಟ್ಟರು. ಆ ‘ಬಿಟ್ಟ’, ‘ಕೊಟ್ಟ’ಗಳ ಬೇರು ಬಿಡಿಸದೆ ಫ್ಲೀಟರಿಗೆ ಒಂದು ಸಾಲೂ ದಾಟುತ್ತಿರಲಿಲ್ಲ.

ಇಂಗ್ಲಿಷಿನಲ್ಲಿ ಬಹುಪಾಲು ಕ್ರಿಯಾಪದಗಳು ಕೊನೆಗೆ ‘ಇಡಿ’ ಎಂಬ ಎರಡಕ್ಷರ ಹಚ್ಚಿಕೊಂಡು ಭೂತಕಾಲವಾಗುತ್ತವೆ. ಹಾಗೆ ಆಗದವು ಇನ್ನೂರರ ಒಳಗೆ. ಆದರೆ ಆ ಕೆಲವೇ ಪದಗಳು ಮಾತಿನ ನಡುಮನೆಯಲ್ಲಿ ಕುಳಿತಿವೆ. ಅತಿ ಹೆಚ್ಚು ಬಳಕೆಯ ಹತ್ತು ಕ್ರಿಯಾಪದಗಳೂ ನಿಯಮ ಮೀರಿದವೇ. 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಇದರ ಲೆಕ್ಕ ಹಾಕಿತು. ಹಳೆಯ ಇಂಗ್ಲಿಷಿನ 177 ಅನಿಯಮಿತ ಕ್ರಿಯಾಪದಗಳನ್ನು ಹಿಡಿದು ನೋಡಿದಾಗ ಮಧ್ಯಕಾಲದ ಹೊತ್ತಿಗೆ 145, ಇಂದಿಗೆ 98 ಮಾತ್ರ ಹಾಗೆಯೇ ಉಳಿದಿದ್ದವು. ಮಿಕ್ಕವು ‘ಇಡಿ’ ಹಚ್ಚಿಕೊಂಡು ನಿಯಮಕ್ಕೆ ಬಂದಿದ್ದವು. ಬಳಕೆ ನೂರು ಪಟ್ಟು ಕಡಿಮೆಯಿರುವ ಪದ ಹತ್ತು ಪಟ್ಟು ಬೇಗ ನಿಯಮಕ್ಕೆ ಬರುತ್ತದೆ ಎಂಬುದು ಅವರು ಕಂಡ ಸೂತ್ರ. ‘ಹೆಲ್ಪ್’ ಎಂಬುದರ ಭೂತಕಾಲ ಒಂದು ಕಾಲಕ್ಕೆ ‘ಹೋಲ್ಪ್’ ಆಗಿತ್ತು, ಈಗ ‘ಹೆಲ್ಪ್ಡ್’. ‘ಗೋ’ ಎಂಬುದಕ್ಕಂತೂ ಭೂತಕಾಲ ಸ್ವಂತದ್ದೇ ಅಲ್ಲ. ‘ವೆಂಡ್’ ಎಂಬ ಬೇರೊಂದು ಕ್ರಿಯಾಪದದ ‘ವೆಂಟ್’ ಬಂದು ಅದರ ಜಾಗದಲ್ಲಿ ನೆಲೆಸಿತು.

ಹೊಲದ ಕೆಲಸದ ಪದಗಳನ್ನು ಎರಡೂ ಭಾಷೆಗಳಲ್ಲಿ ಪಕ್ಕ ಪಕ್ಕ ಇಟ್ಟು ನೋಡಿದರೆ ಇದೇ ಸಂಗತಿ ಇನ್ನೊಂದು ಮಗ್ಗುಲಿನಿಂದ ಕಾಣುತ್ತದೆ. ಬಿತ್ತು–ಬಿತ್ತಿದ, ಹರಗು–ಹರಗಿದ, ತೂರು–ತೂರಿದ, ಹೇರು–ಹೇರಿದ, ಮೇಯಿಸು–ಮೇಯಿಸಿದ: ಕನ್ನಡದಲ್ಲಿ ಇವು ನಿಯಮದ ದಾರಿಯಲ್ಲಿವೆ. ಇಂಗ್ಲಿಷಿನಲ್ಲಿಯೂ ‘ಸೋ–ಸೋಡ್’, ‘ಪ್ಲೌ–ಪ್ಲೌಡ್’, ‘ವೀಡ್–ವೀಡೆಡ್’, ‘ವಿನ್ನೋ–ವಿನ್ನೋಡ್’, ‘ಲೋಡ್–ಲೋಡೆಡ್’, ‘ಗ್ರೇಜ್–ಗ್ರೇಜ್ಡ್’. ಮನೆಯೊಳಗಿನ ಪದಗಳಿಗೆ ಬಂದರೆ ಎರಡೂ ಕಡೆ ನಿಯಮ ಸಡಿಲು: ಬಾ–ಬಂದ, ‘ಕಮ್–ಕೇಮ್’, ತಿನ್ನು–ತಿಂದ, ‘ಈಟ್–ಏಟ್’, ಕೊಡು–ಕೊಟ್ಟ, ‘ಗಿವ್–ಗೇವ್’, ಬೀಳು–ಬಿದ್ದ, ‘ಫಾಲ್–ಫೆಲ್’. ಅಪವಾದಗಳಿವೆ, ಕಳೆ ಕೀಳುವುದು ಕನ್ನಡದಲ್ಲಿ ‘ಕಿತ್ತ’, ಅಗೆಯುವುದು ಇಂಗ್ಲಿಷಿನಲ್ಲಿ ‘ಡಗ್’. ಆದರೂ ಒಕ್ಕಲಿಗರ ಮಕ್ಕಳಿರುವ ವರ್ಗದಲ್ಲಿ ‘ಇಡಿ’ ಕಲಿಸಲು ಬಿತ್ತನೆ, ಎಡೆ ಹೊಡೆಯುವುದು, ರಾಶಿಯ ಕೆಲಸಗಳಿಗಿಂತ ಒಳ್ಳೆಯ ಪದಗಳು ಸಿಗಲಾರವು. ಪುಸ್ತಕಗಳು ಮಾತ್ರ ‘ಪ್ಲೇಡ್’, ‘ಪೇಂಟೆಡ್’, ‘ವಿಸಿಟೆಡ್’ ಎಂದು ಪೇಟೆಯ ಮನೆಯ ರಜೆಯ ಸುತ್ತಲೇ ತಿರುಗುತ್ತವೆ.

ಈಗ ಅಗಲುವ ಜಾಗಗಳಿಗೆ ಬರಬೇಕು. ಎಲ್ಲಕ್ಕಿಂತ ದೊಡ್ಡದು, ಪಠ್ಯಪುಸ್ತಕಗಳಲ್ಲಿ ಎಲ್ಲಕ್ಕಿಂತ ಕಡಿಮೆ ಮಾತಿಗೆ ಬರುವುದು, ಕನ್ನಡದ ಉದ್ದ ವಾಕ್ಯ. ನರೇಗಲ್ ಕಡೆಯ ಹುಡುಗನೊಬ್ಬ ತನ್ನ ದಿನವನ್ನು ಹೀಗೆ ಹೇಳುತ್ತಾನೆ: ‘ನಾ ನಸಿಕಿನ್ಯಾಗ ಎದ್ದು, ಮಾರಿ ತೊಳಕೊಂಡು, ಚಾ ಕುಡದು, ಅವ್ವನ ಕೂಡ ಹೊಲಕ್ಕ ಹೋಗಿ, ಹೆಸರುಕಾಯಿ ಬಿಡಿಸಿ, ಮಧ್ಯಾಹ್ನ ಮನಿಗೆ ಬಂದೆ.’ ಆರು ಕೆಲಸಗಳು. ಕಾಲವನ್ನೂ ‘ನಾನು’ ಎಂಬುದನ್ನೂ ಹೊತ್ತಿರುವುದು ಮಾತ್ರ ಕೊನೆಯ ‘ಬಂದೆ’. ಉಳಿದ ಐದು ಅದರ ಬೆನ್ನಿಗೆ ಆತುಕೊಂಡಿವೆ. ಇಂಗ್ಲಿಷಿನಲ್ಲಿ ಈ ಸೌಲಭ್ಯ ಇಲ್ಲ. ‘ಐ ಗಾಟ್ ಅಪ್ ಅರ್ಲಿ, ವಾಷ್ಡ್ ಮೈ ಫೇಸ್, ಡ್ರ್ಯಾಂಕ್ ಟೀ, ವೆಂಟ್ ಟು ದ ಫೀಲ್ಡ್ ವಿತ್ ಮೈ ಮದರ್, ಪಿಕ್ಡ್ ಗ್ರೀನ್ ಗ್ರಾಮ್ ಆ್ಯಂಡ್ ಕೇಮ್ ಹೋಮ್ ಅಟ್ ನೂನ್.’ ಆರಕ್ಕೆ ಆರೂ ಭೂತಕಾಲದ ಗುರುತು ಹೊರಬೇಕು. ಕನ್ನಡದ ಅಭ್ಯಾಸದಿಂದ ಬರೆಯುವವರು ‘ಗೆಟ್ ಅಪ್, ವಾಷ್, ಡ್ರಿಂಕ್, ಗೋ’ ಎಂದು ಸಾಲಾಗಿ ಬರಿಯ ಧಾತುಗಳನ್ನು ಇಟ್ಟು ಕೊನೆಗೆ ‘ಕೇಮ್’ ಎನ್ನುತ್ತಾರೆ. ಇಲ್ಲವೆ ‘ಗೋಯಿಂಗ್ ಟು ಫೀಲ್ಡ್, ಪಿಕಿಂಗ್’ ಎಂದು ‘ಇಂಗ್’ ಹಚ್ಚುತ್ತಾರೆ. ತಿದ್ದುವವರಿಗೆ ಅಲ್ಲಿ ಕಾಣುವುದು ಐದು ತಪ್ಪು, ಐದು ಕೆಂಪು ಗೆರೆ. ನಿಜವಾಗಿ ಇರುವುದು ಒಂದೇ ತಪ್ಪು, ಅದೂ ಕನ್ನಡದ ಅಚ್ಚುಕಟ್ಟಾದ ಒಂದು ನಿಯಮದ ಫಲ.

ಬಿಡಿಸುವ ದಾರಿಯೂ ಆ ವಾಕ್ಯದೊಳಗೇ ಇದೆ. ‘ಎದ್ದು’, ‘ತೊಳಕೊಂಡು’, ‘ಕುಡದು’ ಇವೆಲ್ಲ ಭೂತಕಾಲದ ಬೇರಿನಿಂದಲೇ ಹುಟ್ಟಿದವು. ವ್ಯಾಕರಣ ಇವನ್ನು ಭೂತಕೃದಂತಾವ್ಯಯ ಎನ್ನುತ್ತದೆ. ಉಕಾರ ಕಳೆದು ಎಕಾರ ಹಚ್ಚಿದರೆ ಸಾಕು: ಎದ್ದೆ, ತೊಳಕೊಂಡೆ, ಕುಡದೆ. ‘ಬಿಡಿಸಿ’ ಎಂಬುದು ‘ಬಿಡಿಸಿದೆ’ ಆಗುತ್ತದೆ. ‘ಹೋಗಿ’ ಮಾತ್ರ ತುಸು ತಿರುಗಿ ‘ಹೋದೆ’ ಆಗುತ್ತದೆ. ಉದ್ದ ವಾಕ್ಯವನ್ನು ಮೊದಲು ಕನ್ನಡದಲ್ಲೇ ಆರು ತುಂಡು ಮಾಡಿಸಿ, ‘ಎದ್ದೆ, ಮಾರಿ ತೊಳಕೊಂಡೆ, ಚಾ ಕುಡದೆ, ಹೊಲಕ್ಕ ಹೋದೆ, ಹೆಸರು ಬಿಡಿಸಿದೆ, ಮನಿಗೆ ಬಂದೆ’ ಎಂದು ಹೇಳಿಸಿ, ಆಮೇಲೆ ಪ್ರತಿ ತುಂಡಿಗೂ ಇಂಗ್ಲಿಷಿನ ರೂಪ ಕೇಳಿದರೆ ಮಕ್ಕಳು ಗುರುತು ಬಿಡುವುದು ಕಡಿಮೆ. ಹತ್ತು ನಿಮಿಷದ ಕೆಲಸ. ಇದಕ್ಕೆ ಯಂತ್ರವೂ ಬೇಡ, ಚಿತ್ರದ ಹಾಳೆಯೂ ಬೇಡ.

ಎರಡನೆಯ ಅಗಲಿಕೆ ‘ಡಿಡ್’. ಇಲ್ಲಿ ಕನ್ನಡ ಅರ್ಧ ದಾರಿ ಇಂಗ್ಲಿಷಿನ ಜೊತೆಗೇ ಬರುತ್ತದೆ, ಇದನ್ನು ಯಾರೂ ಬಳಸಿಕೊಳ್ಳುವುದಿಲ್ಲ. ‘ಬಂದೆ’ ಎಂಬುದರ ನಿಷೇಧ ‘ಬರಲಿಲ್ಲ’. ‘ಬಂದಲಿಲ್ಲ’ ಎಂದು ಯಾರ ಬಾಯಲ್ಲೂ ಬರುವುದಿಲ್ಲ. ‘ಇಲ್ಲ’ ಸೇರಿದ ಕೂಡಲೇ ದಕಾರ ಬಿಟ್ಟುಹೋಗಿ ಮೂಲ ಧಾತು ಹಿಂದಿರುಗುತ್ತದೆ: ತಿಂದೆ–ತಿನ್ನಲಿಲ್ಲ, ಕೊಟ್ಟೆ–ಕೊಡಲಿಲ್ಲ, ನಿಂತೆ–ನಿಲ್ಲಲಿಲ್ಲ, ಬಿದ್ದೆ–ಬೀಳಲಿಲ್ಲ. ಇಂಗ್ಲಿಷಿನಲ್ಲಿ ನಡೆಯುವುದೂ ಅದೇ: ‘ಏಟ್’ ಇದ್ದದ್ದು ‘ಡಿಡ್ ನಾಟ್ ಈಟ್’, ‘ಗೇವ್’ ಇದ್ದದ್ದು ‘ಡಿಡ್ ನಾಟ್ ಗಿವ್’, ‘ಸ್ಟುಡ್’ ಇದ್ದದ್ದು ‘ಡಿಡ್ ನಾಟ್ ಸ್ಟ್ಯಾಂಡ್’. ಈ ಎರಡು ಸಾಲುಗಳನ್ನು ಫಲಕದ ಮೇಲೆ ಎದುರುಬದುರು ಬರೆದರೆ ‘ಡಿಡ್ ನಾಟ್ ವೆಂಟ್’ ಏಕೆ ತಪ್ಪು ಎಂಬುದನ್ನು ಮಗು ಕಿವಿಯಿಂದಲೇ ತಿಳಿಯುತ್ತದೆ. ಅದು ‘ಹೋದಲಿಲ್ಲ’ ಎಂದಷ್ಟೇ ಅಸಹಜ. ಒಂದು ಎಚ್ಚರಿಕೆ ಬೇಕು. ‘ಇದ್ದೆ’ ಕನ್ನಡದಲ್ಲಿ ‘ಇರಲಿಲ್ಲ’ ಎಂದು ಅದೇ ಜಾಡಿನಲ್ಲಿ ನಡೆಯುತ್ತದೆ, ಇಂಗ್ಲಿಷಿನ ‘ವಾಸ್’ ಮಾತ್ರ ‘ಡಿಡ್’ ಸಹವಾಸಕ್ಕೆ ಹೋಗದೆ ‘ವಾಸ್ ನಾಟ್’ ಆಗುತ್ತದೆ.

ಪ್ರಶ್ನೆಯಲ್ಲಿ ಈ ಜೊತೆ ತಪ್ಪುತ್ತದೆ. ‘ಬಂದ್ನೇನು?’ ಎಂದು ಕೇಳುವಾಗ ಕನ್ನಡ ದಕಾರವನ್ನು ಬಿಡುವುದಿಲ್ಲ. ಹಾಗಾಗಿ ‘ಡಿಡ್ ಹಿ ಕೇಮ್?’ ಎಂಬ ತಪ್ಪು ‘ಡಿಡ್ ನಾಟ್ ಕೇಮ್’ ಎಂಬುದಕ್ಕಿಂತ ಗಟ್ಟಿ, ತಿದ್ದಿದರೂ ಮರಳಿ ಬರುತ್ತದೆ. ‘ಎಲ್ಲಿಗೆ ಹೋದಿ?’ ಎಂಬುದು ‘ವೇರ್ ಯು ವೆಂಟ್?’ ಆಗುವುದಕ್ಕೂ ಇದೇ ಕಾರಣ. ಹಳೆಯ ಇಂಗ್ಲಿಷರು ಸಹ ಪ್ರಶ್ನೆಯಲ್ಲಿ ‘ಕೇಮ್ ಹಿ?’ ಎಂದೇ ಕೇಳುತ್ತಿದ್ದರು, ನಿಷೇಧದಲ್ಲಿ ‘ಹಿ ಕೇಮ್ ನಾಟ್’ ಎನ್ನುತ್ತಿದ್ದರು. ಹದಿನಾರನೆಯ, ಹದಿನೇಳನೆಯ ಶತಮಾನಗಳಲ್ಲಿ ‘ಡಿಡ್’ ಹಬ್ಬಿ ಆ ರೂಪಗಳನ್ನು ಹಿಂದೆ ಸರಿಸಿತು. ಷೇಕ್ಸ್‌ಪಿಯರನ ಕಾಲಕ್ಕೆ ಎರಡೂ ಬಳಕೆಯಲ್ಲಿದ್ದವು. 1611ರ ಇಂಗ್ಲಿಷ್ ಬೈಬಲಿನಲ್ಲಿ ‘ಡಿಡ್’ ಇಲ್ಲದ ನಿಷೇಧ ಈಗಲೂ ಓದಲು ಸಿಗುತ್ತದೆ.

ಮೂರನೆಯದು ‘ಹ್ಯಾಡ್’. ವರ್ಗದಲ್ಲಿ ಅಕ್ಕೋರು ಕೇಳುತ್ತಾರೆ: ‘ನಿನ್ನಿ ಯಾಕ ಸಾಲಿಗೆ ಬರಲಿಲ್ಲ?’ ಉತ್ತರ: ‘ಹೆಸರು ಬಿಡಸಾಕ ಹೋಗಿದ್ದೆ ರೀ ಅಕ್ಕೋರ.’ ಇಲ್ಲಿ ‘ಹೋದೆ’ ಎಂದರೆ ಮಾತು ಮೊಟಕಾಗುತ್ತದೆ. ಹೋಗಿ, ಕೆಲಸ ಮುಗಿಸಿ, ಈಗ ಮರಳಿ ಬಂದು ಎದುರಿಗೆ ನಿಂತಿದ್ದೇನೆ ಎಂಬುದೆಲ್ಲ ‘ಹೋಗಿದ್ದೆ’ ಎಂಬುದರಲ್ಲಿ ಅಡಗಿದೆ. ಅದನ್ನೇ ಇಂಗ್ಲಿಷಿಗೆ ತಂದಾಗ ‘ಯೆಸ್ಟರ್ಡೇ ಐ ಹ್ಯಾಡ್ ಗಾನ್’ ಆಗುತ್ತದೆ. ಇಂಗ್ಲಿಷಿನಲ್ಲಿ ಈ ‘ಹ್ಯಾಡ್’ ಬರಬೇಕಾದರೆ ಹಿಂದೆ ನಡೆದ ಎರಡು ಸಂಗತಿಗಳಿರಬೇಕು, ಒಂದು ಇನ್ನೊಂದಕ್ಕಿಂತ ಮೊದಲು ಆಗಿರಬೇಕು: ನಾವು ನಿಲ್ದಾಣ ಮುಟ್ಟುವಷ್ಟರಲ್ಲಿ ಗದಗಿನ ಬಸ್ಸು ಹೋಗಿತ್ತು. ಒಂದೇ ಸಂಗತಿಗೆ ‘ಐ ವೆಂಟ್’ ಸಾಕು. ಈ ‘ಹ್ಯಾಡ್’ ಕನ್ನಡಿಗರೊಬ್ಬರದೇ ತಪ್ಪಲ್ಲ, ಭಾರತದ ಇಂಗ್ಲಿಷಿನ ಉದ್ದಗಲಕ್ಕೂ ಹರಡಿದೆ. ಪತ್ರಿಕೆಗಳಲ್ಲೂ ಕಚೇರಿಯ ಪತ್ರಗಳಲ್ಲೂ ಕಾಣುತ್ತದೆ.

‘ಹ್ಯಾಸ್’, ‘ಹ್ಯಾವ್’ ವಿಷಯದಲ್ಲಿ ಮಾತ್ರ ಈ ಸೀಮೆಯ ಮಕ್ಕಳಿಗೆ ಸಿದ್ಧ ಸೇತುವೆ ಇದೆ. ‘ಮಾವ ಬಂದ’ ಎಂದರೆ ಬಂದ ಕ್ರಿಯೆ, ‘ಮಾವ ಬಂದಾನ’ ಎಂದರೆ ಬಂದು ಈಗ ಮನೆಯಲ್ಲಿದ್ದಾನೆ. ಬಂದೀನಿ, ಬಂದಾಳ, ಬಂದಾರ, ಬಂದೈತಿ ಎಲ್ಲವೂ ‘ಹ್ಯಾಸ್ ಕಮ್’, ‘ಹ್ಯಾವ್ ಕಮ್’ ಎಂಬವುಗಳ ಮಗ್ಗುಲಿಗೆ ಕೂರುತ್ತವೆ. ನಿಷೇಧದಲ್ಲಿಯೂ ‘ಬರಲಿಲ್ಲ’, ‘ಬಂದಿಲ್ಲ’ ಎಂದು ಎರಡು ಬೇರೆ ರೂಪಗಳು. ಮೊದಲನೆಯದು ‘ಡಿಡ್ ನಾಟ್ ಕಮ್’, ಎರಡನೆಯದು ‘ಹ್ಯಾಸ್ ನಾಟ್ ಕಮ್’. ಇಂಗ್ಲಿಷ್ ಕಲಿಯುವ ಬೇರೆ ಎಷ್ಟೋ ಭಾಷೆಯವರು ವರ್ಷಗಟ್ಟಲೆ ಒದ್ದಾಡುವ ಈ ಭೇದವನ್ನು ನರೇಗಲ್ಲಿನ ಹುಡುಗಿ ಅಜ್ಜಿಯ ಮಾತಿನಲ್ಲಿ ದಿನವೂ ಕೇಳುತ್ತಾಳೆ. ಆ ಮಾತನ್ನು ‘ಹಳ್ಳಿ ಭಾಷೆ’ ಎಂದು ವರ್ಗದ ಬಾಗಿಲ ಹೊರಗೆ ನಿಲ್ಲಿಸುವುದು ದೊಡ್ಡ ನಷ್ಟ.

ಸಣ್ಣಪುಟ್ಟ ತೊಡಕುಗಳು ಇನ್ನೂ ಇವೆ. ಕನ್ನಡದಲ್ಲಿ ಹಿಂದೆ ರೂಢಿಯಾಗಿ ನಡೆಯುತ್ತಿದ್ದುದಕ್ಕೆ ‘ಹೋಗುತ್ತಿದ್ದೆವು’ ಎನ್ನುತ್ತೇವೆ, ಇಂಗ್ಲಿಷಿನಲ್ಲಿ ಅದಕ್ಕೂ ‘ವೀ ವೆಂಟ್ ಎವೆರಿ ವೀಕ್’ ಎಂದರೆ ನಡೆಯುತ್ತದೆ, ‘ವೀ ವರ್ ಗೋಯಿಂಗ್’ ಬೇಡ. ‘ಎರಡು ದಿನದ ಹಿಂದ’ ಎಂಬುದು ‘ಬಿಫೋರ್ ಟೂ ಡೇಸ್’ ಆಗುತ್ತದೆ, ಆಗಬೇಕಾದದ್ದು ‘ಟೂ ಡೇಸ್ ಅಗೋ’. ‘ನಾ ಬರ್ತೀನಿ ಅಂತ ಹೇಳಿದ’ ಎಂಬುದರಲ್ಲಿ ಕನ್ನಡ ಆಡಿದವನ ಮಾತನ್ನು ಇದ್ದಂತೆಯೇ ಉಳಿಸುತ್ತದೆ. ಇಂಗ್ಲಿಷ್ ‘ಹಿ ಸೆಡ್ ಹಿ ವುಡ್ ಕಮ್’ ಎಂದು ಒಳಗಿನ ಮಾತನ್ನೂ ಹಿಂದಕ್ಕೆ ಎಳೆಯುತ್ತದೆ. ತಾಯಿ ಕೂಗಿದಾಗ ಎದ್ದು ಹೊರಡುವ ಮೊದಲೇ ‘ಬಂದೆ ಯವ್ವಾ’ ಎನ್ನುವ ಭೂತಕಾಲವಂತೂ ಇಂಗ್ಲಿಷಿಗೆ ದಾಟುವುದೇ ಇಲ್ಲ, ಅಲ್ಲಿ ‘ಕಮಿಂಗ್’. ಎದುರಿಗೆ ಸುಲಭವಾದ ಒಂದು ಸಂಗತಿಯೂ ಇದೆ: ಬಂದೆ, ಬಂದಿ, ಬಂದ, ಬಂದ್ಲು, ಬಂತು, ಬಂದ್ವಿ, ಬಂದ್ರು ಎಂಬ ಏಳಕ್ಕೂ ಇಂಗ್ಲಿಷಿನಲ್ಲಿ ಒಂದೇ ‘ಕೇಮ್’. ಆದರೆ ಅದರಲ್ಲಿ ಕರ್ತೃ ಅಡಗಿಲ್ಲದ ಕಾರಣ ‘ಐ’, ‘ಷಿ’ ಎಂದು ಬಿಡಿಸಿ ಹೇಳಲೇಬೇಕು. ಅಜ್ಜಾರು ಬಂದರೂ ತಮ್ಮ ಬಂದರೂ ‘ಹಿ ಕೇಮ್’. ಹಿರಿಯರಿಗೆ ‘ಬಂದ್ರು’ ಎಂದು ರೂಢಿಯಾದ ಮಕ್ಕಳು ಅಲ್ಲಿ ತುಸು ತಡವರಿಸುವುದು ಸಹಜ.

ಉಚ್ಚಾರದ ಮಾತು ಬೇರೆ. ಬರಹದಲ್ಲಿ ‘ಇಡಿ’ ಒಂದೇ, ಕಿವಿಗೆ ಮೂರು. ‘ವಾಕ್’, ‘ವಾಷ್’ ಮೊದಲಾದ ಪದಗಳ ಕೊನೆಗೆ ಅದು ತಕಾರದ ಹತ್ತಿರದ ಟಕಾರವಾಗಿ ಕೇಳುತ್ತದೆ. ‘ಪ್ಲೇ’, ‘ಕ್ಲೀನ್’ ಕೊನೆಗೆ ಡಕಾರವಾಗಿ. ‘ವಾಂಟ್’, ‘ಲೋಡ್’ ಕೊನೆಗೆ ಮಾತ್ರ ‘ಇಡ್’ ಎಂದು ಬೇರೆ ಉಲಿಯಾಗಿ. ಬರಹ ನೋಡಿ ಓದುವವರು ‘ಲುಕೆಡ್’, ‘ವಾಷೆಡ್’ ಎನ್ನುತ್ತಾರೆ. ಕನ್ನಡದ ಪದಗಳು ಸ್ವರದಲ್ಲಿ ಮುಗಿಯುವುದರಿಂದ ‘ವಾಕ್ಡು’ ಎಂದು ಕೊನೆಗೊಂದು ಉಕಾರವೂ ಸೇರಿಕೊಳ್ಳುತ್ತದೆ. ಆ ‘ಎ’ಕಾರವನ್ನು ಇಂಗ್ಲಿಷರೂ ಶತಮಾನಗಳ ಹಿಂದೆ ಉಚ್ಚರಿಸುತ್ತಿದ್ದರು, ‘ವಿಕೆಡ್’, ‘ಬ್ಲೆಸೆಡ್’ ಎಂಬ ವಿಶೇಷಣಗಳಲ್ಲಿ ಅದರ ಗುರುತು ಉಳಿದಿದೆ. ಕೊನೆಯ ವ್ಯಂಜನವನ್ನೇ ನುಂಗಿ ‘ಐ ವಾಕ್ ಯೆಸ್ಟರ್ಡೇ’ ಎಂದುಬಿಟ್ಟರೆ ಕೇಳುವವರಿಗೆ ಭೂತಕಾಲವೇ ಮುಟ್ಟುವುದಿಲ್ಲ; ಉಕಾರ ಸೇರಿದರೂ ಅರ್ಥಕ್ಕೆ ಮೋಸವಿಲ್ಲ.

ಇಂಗ್ಲಿಷಿನ ಈ ಪುಟ್ಟ ರೂಪದ ಮೇಲೆ ಭಾಷಾವಿಜ್ಞಾನದಲ್ಲಿ ನಡೆದಷ್ಟು ಚರ್ಚೆ ಬೇರೆ ಯಾವ ಪ್ರತ್ಯಯದ ಮೇಲೂ ನಡೆದಿರಲಾರದು. 1958ರಲ್ಲಿ ಜೀನ್ ಬರ್ಕೊ ಎಂಬ ವಿದುಷಿ ಮಕ್ಕಳಿಗೆ ಇಲ್ಲದ ಪದಗಳನ್ನು ಕಲ್ಪಿಸಿ ಕೊಟ್ಟು, ಅವುಗಳ ಬಹುವಚನ, ಭೂತಕಾಲ ಕೇಳಿದರು. ‘ರಿಕ್’ ಎಂಬ ಹುಸಿ ಕ್ರಿಯಾಪದಕ್ಕೆ ಮಕ್ಕಳು ‘ರಿಕ್ಡ್’ ಎಂದರು. ಎಂದೂ ಕೇಳದ ಪದಕ್ಕೂ ನಿಯಮ ಹಚ್ಚಬಲ್ಲರೆಂಬುದು ಇದರಿಂದ ಸಿದ್ಧವಾಯಿತು. 1973ರಲ್ಲಿ ರೋಜರ್ ಬ್ರೌನ್ ತೋರಿಸಿದಂತೆ ಇಂಗ್ಲಿಷ್ ತಾಯ್ನುಡಿಯ ಮಕ್ಕಳು ‘ಕೇಮ್’, ‘ವೆಂಟ್’ ಮೊದಲು ಕಲಿತು ‘ಇಡಿ’ಯನ್ನು ಆಮೇಲೆ ಕಲಿಯುತ್ತಾರೆ. ನಿಯಮ ಸಿಕ್ಕ ಹುರುಪಿನಲ್ಲಿ ಸರಿಯಿದ್ದ ‘ವೆಂಟ್’ ಬಿಟ್ಟು ‘ಗೋಡ್’ ಎನ್ನುವ ಕಾಲವೂ ಬರುತ್ತದೆ, ಹೋಗುತ್ತದೆ. 1986ರಲ್ಲಿ ರುಮೆಲ್‌ಹಾರ್ಟ್ ಮತ್ತು ಮೆಕ್‌ಲೆಲ್ಯಾಂಡ್ ನರಜಾಲದ ಮಾದರಿಯ ಕಂಪ್ಯೂಟರ್ ಕ್ರಮವಿಧಿಗೆ ಭೂತಕಾಲ ಕಲಿಸಿ, ನಿಯಮ ಹೇಳಿಕೊಡದೆಯೂ ಉದಾಹರಣೆಗಳಿಂದಲೇ ಕಲಿಯಬಹುದು ಎಂದರು. 1988ರಲ್ಲಿ ಸ್ಟೀವನ್ ಪಿಂಕರ್ ಮತ್ತು ಅಲನ್ ಪ್ರಿನ್ಸ್ ಅದನ್ನು ಖಂಡಿಸಿದರು. ಇವತ್ತಿನ ಕೃತಕ ಬುದ್ಧಿಮತ್ತೆಯ ಭಾಷಾ ಮಾದರಿಗಳ ಹಿಂದಿನ ವಾದವಿವಾದದಲ್ಲಿ ‘ವೆಂಟ್’ ಮತ್ತು ‘ಗೋಡ್’ಗಳ ಪಾಲು ಸಣ್ಣದಲ್ಲ.

ನಿಯಮ ಹೇಳಿಕೊಡಬೇಕೇ ಬೇಡವೇ ಎಂಬ ಈ ಚರ್ಚೆಯಲ್ಲಿ ಕರ್ನಾಟಕಕ್ಕೂ ಜಾಗವಿದೆ. 1963ರಲ್ಲಿ ಆರಂಭವಾದ ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಸರೆಯಲ್ಲಿ 1979ರಿಂದ 1984ರವರೆಗೆ ಎನ್. ಎಸ್. ಪ್ರಭು ನಡೆಸಿದ ಪ್ರಯೋಗ ಲೋಕದಲ್ಲೆಲ್ಲ ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂದೇ ಹೆಸರಾಗಿದೆ. ವ್ಯಾಕರಣದ ಪಾಠವನ್ನೇ ಬಿಟ್ಟು, ರೈಲಿನ ವೇಳಾಪಟ್ಟಿ, ನಕ್ಷೆ ಇಂಥವುಗಳಿಂದ ಸಮಸ್ಯೆ ಬಿಡಿಸುವ ಕೆಲಸ ಕೊಟ್ಟರೆ ಅರ್ಥದ ಮೇಲೆ ಮನಸ್ಸು ನಿಂತಾಗ ವ್ಯಾಕರಣ ತಾನಾಗಿ ಬರುತ್ತದೆ ಎಂಬುದು ಅವರ ನಂಬಿಕೆ. 1987ರಲ್ಲಿ ಅವರು ಅದನ್ನು ಪುಸ್ತಕವಾಗಿ ಬರೆದರು. ಆ ಪ್ರಯೋಗಕ್ಕೂ ಮೊದಲು ಶಾಲೆಗಳಲ್ಲಿದ್ದ ರಚನಾಕ್ರಮದ ಪಾಠಗಳು ಒಂದೊಂದೇ ವಾಕ್ಯರಚನೆಯನ್ನು ಗಿರಕಿ ಹೊಡೆಸುತ್ತಿದ್ದವು, ತಾಯ್ನುಡಿಯನ್ನು ಆದಷ್ಟು ದೂರ ಇಡಬೇಕೆನ್ನುತ್ತಿದ್ದವು. ಪ್ರಭು ಅವರ ಒಳನೋಟ ದೊಡ್ಡದು. ಆದರೆ ಕಿವಿಗೆ ಇಂಗ್ಲಿಷ್ ಬೀಳುವುದು ದಿನಕ್ಕೆ ಒಂದು ಪಿರಿಯಡ್ ಮಾತ್ರ ಎಂಬ ಊರುಗಳಲ್ಲಿ ತಾನಾಗಿ ಬರುವುದನ್ನು ಕಾಯಲು ಹೊತ್ತು ಸಾಲದು. ಅಲ್ಲಿ ‘ಬರಲಿಲ್ಲ’ ಎಂಬ ಒಂದೇ ಉದಾಹರಣೆ ಒಂದು ತಿಂಗಳ ಗಿರಕಿಯನ್ನು ಉಳಿಸಬಲ್ಲದು.

ಎಸ್ಸೆಸ್ಸೆಲ್ಸಿಯ ಇಂಗ್ಲಿಷ್ ಪತ್ರಿಕೆಯಲ್ಲಿ ಸುಳಿವುಗಳನ್ನು ಕೊಟ್ಟು ಕಥೆ ಬೆಳೆಸಿ ಎಂದು ಕೇಳುವುದುಂಟು. ಸುಳಿವುಗಳೆಲ್ಲ ಬರಿಯ ಧಾತುಗಳಲ್ಲಿ ಇರುತ್ತವೆ. ಒಂದೊಂದಕ್ಕೂ ಭೂತಕಾಲದ ಗುರುತು ಹಚ್ಚುತ್ತ ಹೋಗುವುದೇ ಅಲ್ಲಿನ ಪರೀಕ್ಷೆ, ತುಂಡು ಮಾಡಿ ಹೇಳುವ ರೂಢಿ ಅಲ್ಲಿ ನೇರವಾಗಿ ಕೈಗೆ ಬರುತ್ತದೆ. ಶಾಲೆ ಬಿಟ್ಟ ಮೇಲೆ ಈ ಸೀಮೆಯ ಹುಡುಗರು ಕೆಲಸ ಹುಡುಕಿ ಗೋವಾ, ಮಂಗಳೂರು, ಬೆಂಗಳೂರುಗಳಿಗೆ ಹೋಗುತ್ತಾರೆ. ಅಲ್ಲಿ ಹಿಂದಿನ ಕೆಲಸದ ಬಗ್ಗೆ ಕೇಳಿದಾಗ ‘ಐ ವರ್ಕ್ಡ್ ದೇರ್ ಫಾರ್ ಟೂ ಇಯರ್ಸ್’ ಎಂದರೆ ಆ ಕೆಲಸ ಬಿಟ್ಟಾಗಿದೆ ಎಂದಾಯಿತು. ‘ಐ ಹ್ಯಾವ್ ವರ್ಕ್ಡ್ ದೇರ್ ಫಾರ್ ಟೂ ಇಯರ್ಸ್’ ಎಂದರೆ ಇನ್ನೂ ಅಲ್ಲೇ ಇದ್ದಾರೆ ಎಂದು ಕೇಳಿದವರು ತಿಳಿಯುತ್ತಾರೆ. ನರೇಗಲ್ಲಿನ ಮಾತಿನಲ್ಲಿ ಮೊದಲನೆಯದು ‘ಎರಡು ವರ್ಷ ಮಾಡಿದೆ’, ಎರಡನೆಯದು ‘ಎರಡು ವರ್ಷದಿಂದ ಮಾಡಾಕತ್ತೀನಿ’.